ಬ್ಯಾಂಕಿಗೆ ಸೇರಲು ಬಿ.ಕಾಂ. ಕಡ್ಡಾಯವೇ? ಇನ್ನೊಮ್ಮೆ ಉತ್ತರ

ಪ್ರಶ್ನೆ: ನಮ್ಮ ಮಗಳು ಪಿಯುಸಿ ವಿಜ್ಞಾನ ಮುಗಿಸಿ ಈಗ ಧಾರವಾಡದಲ್ಲಿ ಬಿ.ಎಸ್‌ಸಿ. ಮೊದಲನೆಯ ವರ್ಷದಲ್ಲಿದ್ದಾಳೆ. ಮುಂದೆ ಬ್ಯಾಂಕು, ಹಣಕಾಸು ಕ್ಷೇತ್ರದಲ್ಲಿಯೇ ಕೆಲಸ ಮಾಡಬೇಕೆಂಬುದು ಅವಳ ಆಸೆ. ಅದಕ್ಕೆ ಬಿ.ಕಾಂ. ಆಗಿರಲೇಬೇಕೆಂದು ಎಲ್ಲರೂ ಹೇಳುತ್ತಾರೆ. ಒಂದು ವರ್ಷ ಹೋದರೂ ಚಿಂತೆಯಿಲ್ಲ, ಟಿ.ಸಿ. ತೆಗೆಸಿ ಬಿ.ಕಾಂ.ಗೆ ಹಚ್ಚಬೇಕೆಂದಿದ್ದೇನೆ. ತಮ್ಮ ಅಭಿಪ್ರಾಯ ತಿಳಿಸಿರಿ.
– ಬೀಜ-ಗೊಬ್ಬರದ ವ್ಯಾಪಾರಿ, ರಾಣೆಬೆನ್ನೂರು

ಉತ್ತರ: ಟಿ.ಸಿ. ತೆಗೆಸಬೇಡಿರಿ.

ಇದೇ ಪ್ರಶ್ನೆ ಪ್ರತಿವರ್ಷ ಫಲಿತಾಂಶ ಬಂದ ಮರುವಾರದಿಂದ ನನಗೆ ಬರತೊಡಗುತ್ತದೆ. ಊರು ಬೇರೆಯಾಗಿರುತ್ತದೆ, ಮಗ ಅಥವಾ ಮಗಳು ಎಂಬುದು ಬೇರೆಯಾಗಿರುತ್ತದೆ, ಆದರೆ ಅದರ ಅಡಿಯಲ್ಲಿರುವ ನಂಬಿಕೆ ಒಂದೇ. ಹುಬ್ಬಳ್ಳಿಯ ಕಾಲೇಜಿನಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಲೆಕ್ಕಶಾಸ್ತ್ರ ಕಲಿಸುತ್ತಲೇ ನನ್ನ ವೃತ್ತಿಜೀವನ ಕಳೆದಿದೆ, ಆ ಪದವಿಯ ಮೇಲೆ ನನಗಿರುವ ಅಭಿಮಾನ ಸಣ್ಣದಲ್ಲ. ಹಾಗಿದ್ದೂ, ನಡೆದ ಓದನ್ನು ಅರ್ಧಕ್ಕೆ ಬಿಡಿಸಿ ಒಂದು ವರ್ಷವನ್ನು ಕಳೆಯುವಷ್ಟು ಈ ನಂಬಿಕೆ ಬೆಳೆದಿರುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಅಧಿಸೂಚನೆಯನ್ನು ಓದೋಣ. ಸರ್ಕಾರಿ ವಲಯದ ಬ್ಯಾಂಕುಗಳಿಗೆ ಪ್ರೊಬೇಷನರಿ ಅಧಿಕಾರಿಗಳನ್ನೂ ಕ್ಲರ್ಕುಗಳನ್ನೂ ಆರಿಸಲು ಐಬಿಪಿಎಸ್ ಸಂಸ್ಥೆ ಪ್ರತಿವರ್ಷ ಹೊರಡಿಸುವ ಪ್ರಕಟಣೆಯಲ್ಲಿ ವಿದ್ಯಾರ್ಹತೆಯ ಕಲಮು ಕೇಳುವ ಪದವಿ ಇದು: ಮಾನ್ಯತೆ ಪಡೆದ ವಿಶ್ವವಿದ್ಯಾಲಯದಿಂದ ಯಾವುದೇ ವಿಷಯದಲ್ಲಿ ಪದವಿ. ಅಧಿಕಾರಿ ಹುದ್ದೆಗೆ ವಯಸ್ಸು 20ರಿಂದ 30, ಕ್ಲರ್ಕ್ ಹುದ್ದೆಗೆ 20ರಿಂದ 28. ಮೀಸಲಾತಿ ಇದ್ದವರಿಗೆ ಸಡಿಲಿಕೆಯುಂಟು. ಬಿ.ಕಾಂ. ಎಂಬ ಮಾತು ಅಲ್ಲಿ ಇಲ್ಲ. ಗ್ರಾಮೀಣ ಬ್ಯಾಂಕುಗಳ ಸ್ಕೇಲ್ 1, ಅಂದರೆ ಆರಂಭದ ದರ್ಜೆಯ ಅಧಿಕಾರಿ ಹುದ್ದೆಯ ಪ್ರಕಟಣೆಯಲ್ಲಂತೂ ಯಾವುದೇ ಪದವಿ ಸಾಕೆಂದು ಹೇಳಿ, ಆಮೇಲೆ ಆದ್ಯತೆ ಕೊಡುವ ವಿಷಯಗಳ ಪಟ್ಟಿಯೊಂದನ್ನು ಕೊಟ್ಟಿರುತ್ತಾರೆ. ಆ ಪಟ್ಟಿ ಕೃಷಿಯಿಂದ ಆರಂಭವಾಗಿ ತೋಟಗಾರಿಕೆ, ಅರಣ್ಯ, ಪಶುಸಂಗೋಪನೆಗಳನ್ನು ದಾಟಿ ಕಾನೂನು, ಅರ್ಥಶಾಸ್ತ್ರಗಳ ನಂತರ ಕಟ್ಟಕಡೆಗೆ ಲೆಕ್ಕಶಾಸ್ತ್ರಕ್ಕೆ ಬರುತ್ತದೆ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಅಧಿಕಾರಿಯ ಸಾಮಾನ್ಯ ವಿಭಾಗಕ್ಕೆ ಸಹ ಯಾವುದೇ ಪದವಿ ನಡೆಯುತ್ತದೆ. ಅಲ್ಲಿ ನೋಡುವುದು ಅಂಕವನ್ನು, ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 60 ಬೇಕು.

ಇದನ್ನು ತೋರಿಸಿದಾಗ ಬರುವ ಮುಂದಿನ ಮಾತು ಇದು: "ಅರ್ಜಿ ಹಾಕಾಕ ಬರತೈತ್ರಿ ಸರ್, ಖರೇ. ಆದರ ಪರೀಕ್ಷಾದಾಗ ಕಾಮರ್ಸಿನವರೇ ಪಾಸಾಗ್ತಾರಲ್ರಿ?" ಅದೂ ಸರಿಯಲ್ಲ. ಪ್ರೊಬೇಷನರಿ ಅಧಿಕಾರಿಯ ಪೂರ್ವಭಾವಿ ಪರೀಕ್ಷೆಯಲ್ಲಿ 60 ನಿಮಿಷಕ್ಕೆ 100 ಪ್ರಶ್ನೆಗಳಿರುತ್ತವೆ: ಇಂಗ್ಲಿಷು, ಅಂಕಗಣಿತ, ತರ್ಕ. ಜಮಾ-ಖರ್ಚಿನ ಒಂದು ನಮೂದನ್ನೂ ಅಲ್ಲಿ ಕೇಳುವುದಿಲ್ಲ. ಕೇಳುವುದು ಈ ಬಗೆಯ ಲೆಕ್ಕ: ವ್ಯಾಪಾರಿಯೊಬ್ಬ ಕೊಂಡ ಬೆಲೆಯ ಮೇಲೆ ಶೇ. 40 ಏರಿಸಿ ಬೆಲೆ ಬರೆದು, ಅದರಲ್ಲಿ ಶೇ. 25 ರಿಯಾಯಿತಿ ಕೊಟ್ಟರೆ ಅವನಿಗೆ ಉಳಿಯುವ ಲಾಭವೆಷ್ಟು? ನೂರು ರೂಪಾಯಿಯ ಮಾಲು 140 ಆಯಿತು, ಅದರ ಕಾಲು ಭಾಗ 35 ಕಳೆದರೆ 105, ಲಾಭ ಶೇ. 5. ಇದು ಹೈಸ್ಕೂಲಿನ ಲೆಕ್ಕ. ಇಂಥದ್ದನ್ನು ಅರ್ಧ ನಿಮಿಷದಲ್ಲಿ ಬಿಡಿಸಬಲ್ಲವರು ಪಾಸಾಗುತ್ತಾರೆ. ನಿಮ್ಮ ಮಗಳು ಪಿಯುಸಿಯಲ್ಲಿ ಗಣಿತ ಓದಿದವಳಾದರೆ ನನ್ನ ಎಷ್ಟೋ ವಿದ್ಯಾರ್ಥಿಗಳಿಗಿಂತ ಅವಳಿಗೆ ಇದು ಸುಲಭ. ಬ್ಯಾಂಕಿಂಗ್ ಮತ್ತು ಆರ್ಥಿಕ ವಿದ್ಯಮಾನಗಳ ಪ್ರಶ್ನೆಗಳು ಮುಖ್ಯ ಪರೀಕ್ಷೆಯಲ್ಲಿ ಬರುತ್ತವೆಯಾದರೂ, ಅವನ್ನು ದಿನಪತ್ರಿಕೆ ಓದಿ ಕಲಿಯುತ್ತಾರೆಯೇ ಹೊರತು ಪದವಿಯ ಪಠ್ಯದಿಂದಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಸೇರುವ ಧಾರವಾಡದ ಸಪ್ತಾಪುರದ ಯಾವ ಓದುವ ಕೋಣೆಗೆ ಹೋಗಿ ನೋಡಿದರೂ ಕೃಷಿ ಪದವೀಧರ, ಎಂಜಿನಿಯರು, ಬಿ.ಎ. ಮಾಡಿದವರು ಒಂದೇ ಸಾಲಿನಲ್ಲಿ ಕುಳಿತು ಅದೇ ಪುಸ್ತಕವನ್ನು ತಿರುವುತ್ತಿರುತ್ತಾರೆ.

ಕೆಲಸಕ್ಕೆ ಸೇರಿದ ಮೇಲಾದರೂ ಬಿ.ಕಾಂ.ನವರು ಮುಂದೆ ಹೋಗುತ್ತಾರೆಂದು ವಾದಿಸುವವರಿದ್ದಾರೆ. ಅರುಂಧತಿ ಭಟ್ಟಾಚಾರ್ಯ ಅವರು ಓದಿದ್ದು ಇಂಗ್ಲಿಷ್ ಸಾಹಿತ್ಯ. 1977ರಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಸ್ಟೇಟ್ ಬ್ಯಾಂಕ್ ಸೇರಿ 2013ರಲ್ಲಿ ಆ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷರಾದರು. 2018ರಿಂದ 2024ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಶಕ್ತಿಕಾಂತ ದಾಸ್ ಅವರದು ಇತಿಹಾಸದ ಎಂ.ಎ.; ಅವರ ನಂತರ ಬಂದ ಸಂಜಯ್ ಮಲ್ಹೋತ್ರಾ ಐಐಟಿ ಕಾನ್ಪುರದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದವರು. ಆದರೆ ಅಷ್ಟು ದೂರದ ಉದಾಹರಣೆ ಏಕೆ, ನಿಮ್ಮ ಜಿಲ್ಲೆಯ ಬ್ಯಾಡಗಿಗೇ ಬರೋಣ.

ಒಬ್ಬ ರೈತ ದರ ಏರುವವರೆಗೆ ಕಾಯೋಣವೆಂದು ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿಟ್ಟು, ಅದರ ರಸೀದಿಯ ಮೇಲೆ ಬ್ಯಾಂಕಿಗೆ ಅಡಮಾನ ಸಾಲ ಕೇಳುತ್ತಾನೆ ಎಂದಿಟ್ಟುಕೊಳ್ಳಿರಿ. ಕ್ವಿಂಟಲಿಗೆ 20,000 ರೂಪಾಯಿ ದರ ಹಿಡಿದು, ದರ ಇಳಿದರೆ ಆಸರೆಯಿರಲೆಂದು ಶೇ. 25 ಮಾರ್ಜಿನ್ ಬಿಟ್ಟು, ಅಧಿಕಾರಿ 15,000 ರೂಪಾಯಿ ಕೊಡುತ್ತಾನೆ. ಬಡ್ಡಿ ಶೇ. 12 ಎಂದರೆ ಆರು ತಿಂಗಳಿಗೆ 900 ರೂಪಾಯಿ. ಬರಬೇಕಾದ ಹಣ 15,900 ಆಯಿತು. ಅಷ್ಟರಲ್ಲಿ ದರ 16,000ಕ್ಕೆ ಇಳಿದರೆ ಬ್ಯಾಂಕಿಗೆ ಉಳಿದ ಆಸರೆ ನೂರು ರೂಪಾಯಿ ಮಾತ್ರ. ಇಷ್ಟನ್ನು ಕಾಗದದ ಮೇಲೆ ಯಾರು ಬೇಕಾದರೂ ಮಾಡಬಲ್ಲರು. ಆದರೆ ಚೀಲದೊಳಗೆ ಇರುವುದು ಕಡ್ಡಿ ಬಗೆಯ ಮೆಣಸಿನಕಾಯಿಯೋ ಡಬ್ಬಿ ಬಗೆಯದೋ, ಕಾಯಿ ಸರಿಯಾಗಿ ಒಣಗಿದೆಯೋ ತೇವಾಂಶ ಉಳಿದಿದೆಯೋ, ಬಣ್ಣ ನಿಲ್ಲುವಂಥದ್ದೋ ಮಾಸುವಂಥದ್ದೋ ಎಂಬುದರ ಮೇಲೆ ಆ 20,000ದ ಅಂದಾಜೇ ನಿಂತಿರುತ್ತದೆ. ಅದನ್ನು ನನ್ನ ಲೆಕ್ಕಶಾಸ್ತ್ರದ ತರಗತಿ ಕಲಿಸಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಅದು ಗೊತ್ತಿರುತ್ತದೆ, ಬ್ಯಾಂಕುಗಳು ಕೃಷಿ ಕ್ಷೇತ್ರಾಧಿಕಾರಿ ಎಂಬ ಹುದ್ದೆಯನ್ನೇ ಇಟ್ಟು ಅವರನ್ನು ತೆಗೆದುಕೊಳ್ಳುವುದು ಈ ಕಾರಣಕ್ಕೆ.

ಹಾಗಾದರೆ ಈ ನಂಬಿಕೆ ಬಂದದ್ದೆಲ್ಲಿಂದ? ಸುಳ್ಳಿನಿಂದೇನೂ ಅಲ್ಲ. ಒಂದು ಕಾಲದಲ್ಲಿ ಬ್ಯಾಂಕಿನ ಕೆಲಸವೆಂದರೆ ಬಹುಮಟ್ಟಿಗೆ ಲೆಜರ್ ಬರೆಯುವುದೇ ಆಗಿತ್ತು. ಬಾಗಿಲು ಹಾಕಿದ ಮೇಲೆ ಲೆಕ್ಕ ತಾಳೆಯಾಗದಿದ್ದರೆ ಹತ್ತು ಪೈಸೆಯ ವ್ಯತ್ಯಾಸಕ್ಕಾಗಿ ಸಿಬ್ಬಂದಿ ಕತ್ತಲಾಗುವವರೆಗೆ ಕುಳಿತು ಹುಡುಕಬೇಕಾಗುತ್ತಿತ್ತು. ನಮ್ಮ ಭಾಗದ ದಲಾಲಿ ಅಂಗಡಿಗಳಲ್ಲಿಯೂ ಕೀರ್ದಿ-ಖತಾವಣಿ ಬಲ್ಲ ಗುಮಾಸ್ತನಿಗೆ ದೊಡ್ಡ ಬೆಲೆಯಿತ್ತು. ಅಂದಿನ ಹಿರಿಯರು ಹೇಳಿದ್ದು ಅಂದಿಗೆ ಸರಿಯಾಗಿತ್ತು. ಈಗ ಆ ತಾಳೆಯನ್ನು ಕೋರ್ ಬ್ಯಾಂಕಿಂಗ್ ತಂತ್ರಾಂಶ ಮಾಡುತ್ತದೆ. ಸಿಬ್ಬಂದಿಗೆ ಉಳಿದಿರುವುದು ಸಾಲ ಕೊಡಬಹುದೋ ಬಾರದೋ ಎಂದು ತೀರ್ಮಾನಿಸುವ, ಕೊಟ್ಟದ್ದನ್ನು ವಸೂಲಿ ಮಾಡುವ, ಗ್ರಾಹಕರೊಡನೆ ಮಾತನಾಡುವ ಕೆಲಸ. ಲೆಕ್ಕಶಾಸ್ತ್ರ ಅಲ್ಲಿಯೂ ಬೇಕು, ಆದರೆ ಕೆಲಸಕ್ಕೆ ಸೇರಿದ ಮೇಲೆ ಬ್ಯಾಂಕ್ ನೌಕರರು ಬರೆಯುವ ಜೆಎಐಐಬಿ ಎಂಬ ವೃತ್ತಿ ಪರೀಕ್ಷೆಯಲ್ಲಿ ಬ್ಯಾಂಕಿನವರಿಗೆಂದೇ ಲೆಕ್ಕಶಾಸ್ತ್ರದ ಒಂದು ಪತ್ರಿಕೆಯಿದೆ. ಆ ಪರೀಕ್ಷೆಯನ್ನು ಪೂರ್ತಿ ಪಾಸು ಮಾಡಿದರೆ ವೇತನ ಬಡ್ತಿಯೂ ಸಿಗುತ್ತದೆ.

ಬಿ.ಕಾಂ. ನಿಜವಾಗಿ ಕೈಹಿಡಿಯುವ ಕಡೆಗಳೂ ಇವೆ. ಲೆಕ್ಕಪರಿಶೋಧನೆ, ತೆರಿಗೆ, ಜಿಎಸ್‌ಟಿ, ಕಂಪನಿಗಳ ಲೆಕ್ಕಪತ್ರ ವಿಭಾಗಗಳಲ್ಲಿ ಮೊದಲ ದಿನದಿಂದ ಅದು ಉಪಯೋಗಕ್ಕೆ ಬರುತ್ತದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಹುಟ್ಟಿದ ಈ ನಾಡಿನಲ್ಲಿ ಸಹಕಾರಿ ಸಂಘವಿಲ್ಲದ ದೊಡ್ಡ ಊರು ಸಿಗುವುದು ಕಷ್ಟ, ಪ್ರತಿಯೊಂದರ ಲೆಕ್ಕವನ್ನೂ ಪ್ರತಿವರ್ಷ ಪರಿಶೋಧಿಸಬೇಕು. ಸಿ.ಎ. ಆಗುವವರಿಗೆ ಬಿ.ಕಾಂ. ದಾರಿಯನ್ನು ಹಗುರ ಮಾಡುತ್ತದೆ: ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರವಾಗಿ ಎರಡನೆಯ ಹಂತವಾದ ಇಂಟರ್‌ಮೀಡಿಯೆಟ್‌ಗೆ ಹೋಗಲು ವಾಣಿಜ್ಯ ಪದವೀಧರರಿಗೆ ಶೇ. 55 ಸಾಕು, ಉಳಿದವರಿಗೆ ಶೇ. 60 ಬೇಕು. ಅಂದರೆ ಅಲ್ಲಿ ಸಹ ಬಿ.ಎಸ್‌ಸಿ.ಯವರಿಗೆ ಬಾಗಿಲು ಮುಚ್ಚಿಲ್ಲ, ಅಂತರವಿರುವುದು ಶೇ. 5 ಅಂಕದ್ದು. ಬಿಬಿಎ ಓದುವವರು ಮುಂದೆ ಎಂಬಿಎ ಮಾಡುವ ವಿಚಾರವಿದ್ದರೆ ಓದಲಿ. ಅರ್ಥಶಾಸ್ತ್ರದ ಬಿ.ಎ. ರಿಸರ್ವ್ ಬ್ಯಾಂಕಿನ ಪರೀಕ್ಷೆಗೆ ಒಳ್ಳೆಯ ತಳಹದಿ.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಲೇಬೇಕು, ಏಕೆಂದರೆ ಪದವಿಯ ಆಯ್ಕೆಗಿಂತ ಅದೇ ಹೆಚ್ಚು ಹಾನಿ ಮಾಡುವುದನ್ನು ನೋಡಿದ್ದೇನೆ. ಹತ್ತನೆಯ ತರಗತಿ ಮುಗಿಸಿ ವಾಣಿಜ್ಯಕ್ಕೆ ಬರುವ ಮಕ್ಕಳಲ್ಲಿ ಬಹಳಷ್ಟು ಜನ ಲೆಕ್ಕದ ಅಂಜಿಕೆಯಿಂದ ಸಂಖ್ಯಾಶಾಸ್ತ್ರ, ಬೇಸಿಕ್ ಗಣಿತಗಳಿರುವ ಗುಂಪುಗಳನ್ನು ಬಿಟ್ಟು ಇತಿಹಾಸದ ಗುಂಪನ್ನು ಹಿಡಿಯುತ್ತಾರೆ. ಇತಿಹಾಸ ಹಗುರವಾದ ವಿಷಯವೆಂದು ನಾನು ಹೇಳುತ್ತಿಲ್ಲ. ಆದರೆ ಹದಿನಾರನೆಯ ವಯಸ್ಸಿನಲ್ಲಿ ಗಣಿತವನ್ನು ಬಿಟ್ಟ ಹುಡುಗ ಇಪ್ಪತ್ತೊಂದರಲ್ಲಿ ಬ್ಯಾಂಕಿನ ಪರೀಕ್ಷೆಗೆ ಕುಳಿತಾಗ ಶೇಕಡಾವಾರು, ಸರಾಸರಿ, ಅನುಪಾತಗಳನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಹನ್ನೆರಡನೆಯ ತರಗತಿಯ ಗಣಿತ ಬೇಕೇಬೇಕು. ವಿಮೆಯ ಪ್ರೀಮಿಯಂ ಲೆಕ್ಕ ಹಾಕುವ ಆಕ್ಚುಯರಿ ವೃತ್ತಿಯಂತೂ ಗಣಿತ ಮತ್ತು ಸಂಖ್ಯಾಶಾಸ್ತ್ರಗಳ ಮೇಲೆಯೇ ನಿಂತಿದೆ. ನನ್ನ ತರಗತಿಗೆ ಸಂಖ್ಯಾಶಾಸ್ತ್ರ ಓದಿ ಬಂದ ಮಕ್ಕಳು ಮೂರು ವರ್ಷದ ನಂತರ ಎಲ್ಲಿಗೆ ಹೋದರೂ ಎದೆಯೆತ್ತಿ ನಿಂತಿದ್ದಾರೆ, ಇದನ್ನು ಹೆಮ್ಮೆಯಿಂದ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಈಗ ಹತ್ತನೆಯ ತರಗತಿಯಲ್ಲಿರುವ ಮಗುವಿದ್ದರೆ ಈ ಮಾತನ್ನು ಮರೆಯಬೇಡಿರಿ.

ಇನ್ನು ನಿಮ್ಮ ಮಗಳ ವಿಷಯ. ಅವಳು ಬಿ.ಎಸ್‌ಸಿ.ಯಲ್ಲಿಯೇ ಇರಲಿ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಳ್ಳುವ ಅವಕಾಶವಿದ್ದರೆ ತೆಗೆದುಕೊಳ್ಳಲಿ, ಅಂಕ ಶೇ. 60ಕ್ಕಿಂತ ಕೆಳಗೆ ಬೀಳದಂತೆ ನೋಡಿಕೊಳ್ಳಲಿ. ಲೆಕ್ಕಶಾಸ್ತ್ರದ ಪರಿಚಯಕ್ಕೆ ಪ್ರಥಮ ಪಿಯುಸಿಯ ಪಠ್ಯಪುಸ್ತಕವೊಂದು ಸಾಕು. ಮುಂಗಾರಿನಲ್ಲಿ ನಿಮ್ಮ ಅಂಗಡಿಯಿಂದ ಉದ್ರಿ ಬೀಜ-ಗೊಬ್ಬರ ಒಯ್ದವರಲ್ಲಿ ಯಾರು ಸುಗ್ಗಿಗೆ ತೀರಿಸಿದರು, ಯಾರು ಮುಂದಿನ ವರ್ಷಕ್ಕೆ ಉಳಿಸಿಕೊಂಡರು ಎಂಬುದೆಲ್ಲ ನಿಮ್ಮ ಖಾತೆಯಲ್ಲಿರುತ್ತದೆ. ರಜೆಗೆ ಊರಿಗೆ ಬಂದಾಗ ಒಂದು ತಿಂಗಳು ಅದನ್ನು ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತು ಬರೆಸಿರಿ.