ರಾಯಚೂರು ನಗರ: ಜನ, ಮನೆ, ಬಿಸಿಲು

ರಾಯಚೂರಿನ ಬಗ್ಗೆ ಪರೀಕ್ಷೆಗೆ ಟಿಪ್ಪಣಿ ಮಾಡಿಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಜಿಲ್ಲೆಯ ಅಂಕಿಗಳನ್ನು ನಗರದ ಅಂಕಿಗಳಿಂದ ಬೇರೆ ಮಾಡುವುದು. ಉತ್ತರ ಪತ್ರಿಕೆಗಳಲ್ಲಿ ಹೆಚ್ಚಿನ ತಪ್ಪು ಆಗುವುದು ಇಲ್ಲೇ.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 19,28,812. ನಗರದ್ದು ಸುಮಾರು 2.34 ಲಕ್ಷ, ಅಂದರೆ ಎಂಟರಲ್ಲಿ ಒಂದು ಪಾಲು. ಜಿಲ್ಲೆಯ ನಾಲ್ವರಲ್ಲಿ ಮೂವರು ಹಳ್ಳಿಯವರು. ಹಾಗಾಗಿ 59.56 ಎಂಬ ಸಾಕ್ಷರತೆಯ ಶೇಕಡಾವಾರು ಹಳ್ಳಿಗಳ ಭಾರ ಹೊತ್ತ ಸಂಖ್ಯೆ. ಅದನ್ನು ನಗರದ ಸಾಕ್ಷರತೆ ಎಂದು ಬರೆದರೆ ತಪ್ಪು, ನಗರದ್ದು ಅದಕ್ಕಿಂತ ಮೇಲಿದೆ.

ಹಳೆಯ ಅಂಕಿಗಳನ್ನು ಹೋಲಿಸುವಾಗ ಗಡಿಯನ್ನೂ ನೋಡಿಕೊಳ್ಳಿ. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1991ರ ಮೂಲ ಪುಸ್ತಕದಲ್ಲಿರುವ 'ರಾಯಚೂರು ಜಿಲ್ಲೆ'ಯೊಳಗೆ ಕೊಪ್ಪಳವೂ ಇದೆ. ಆ ಸಂಖ್ಯೆಯನ್ನು 2011ರ ಪಕ್ಕದಲ್ಲಿಟ್ಟು ಬೆಳವಣಿಗೆ ದರ ತೆಗೆದರೆ ಜನ ಕರಗಿಹೋದಂತೆ ಕಾಣುತ್ತದೆ.

2011ರ ಜಿಲ್ಲೆಯ ಲಿಂಗಾನುಪಾತ ನೋಡಿ: ಗಂಡಸರು 9,64,511, ಹೆಂಗಸರು 9,64,301. ಹೆಚ್ಚುಕಡಿಮೆ ಸಾವಿರಕ್ಕೆ ಸಾವಿರ. ಇದನ್ನು ಸಮಾನತೆಯ ಗುರುತು ಎಂದು ಬರೆಯುವ ಆತುರ ಬೇಡ. ಆರು ವರ್ಷದೊಳಗಿನ ಮಕ್ಕಳ ಅನುಪಾತ ಸಾವಿರಕ್ಕಿಂತ ಕಡಿಮೆಯೇ ಇದೆ. ಇನ್ನೊಂದು ಮಾತು: ಎಣಿಕೆ ನಡೆದದ್ದು ಫೆಬ್ರವರಿಯಲ್ಲಿ. ಒಣಬೇಸಾಯದ ಊರುಗಳಿಂದ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕಾಲ ಅದು. ಎಣಿಕೆಯ ಅವಧಿ ಪೂರ್ತಿ ಊರಲ್ಲಿಲ್ಲದವರನ್ನು ಊರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಗುಳೆಯ ಗಾತ್ರವನ್ನು ಈ ಸಂಖ್ಯೆಯಿಂದ ಅಳೆಯಲು ಬರುವುದಿಲ್ಲ.

ಭಾಷೆಯ ವಿಚಾರ ಚಿಕ್ಕದು. ಕನ್ನಡದ ಜೊತೆ ದಖನಿ ಉರ್ದು, ತೆಲುಗು ಎರಡೂ ಪೇಟೆಯ ಭಾಷೆಗಳೇ. ಊರು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ತೆಲಂಗಾಣ, ಆಂಧ್ರ ಎರಡರ ಗಡಿಯೂ ಹತ್ತಿರ. ಮುಂಬೈ ಕಡೆಯಿಂದ ಬಂದ ರೈಲು ಹಳಿ ಮದ್ರಾಸ್ ಕಡೆಯ ಹಳಿಯನ್ನು 1871ರಲ್ಲಿ ಕೂಡಿದ್ದು ಇಲ್ಲೇ. ತೀನ್ ಕಂದೀಲ್, ಕಾಟೀ ದರ್ವಾಜಾ, ಗಂಜ್ ಎಂಬ ಊರೊಳಗಿನ ಜಾಗಗಳ ಹೆಸರುಗಳಲ್ಲೇ ಅರ್ಧ ಇತಿಹಾಸ ಉಳಿದಿದೆ.

ಇನ್ನು ಹವಾಮಾನ. 'ಕೃಷ್ಣಾ, ತುಂಗಭದ್ರಾ ನಡುವಿನ ದೋಆಬ್' ಎಂದು ಓದಿದವರು ಹಸಿರು, ತಂಪು ಊಹಿಸಿಕೊಳ್ಳುತ್ತಾರೆ. ಊರು ಮಾತ್ರ ಅರೆಶುಷ್ಕ. ಸಹ್ಯಾದ್ರಿಯ ಮಳೆ ನೆರಳಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿ, ಎರಡೂ ಕರಾವಳಿಗಳಿಂದ ದೂರ ಇದೆ. ವರ್ಷದ ಮಳೆ 600ರಿಂದ 700 ಮಿ.ಮೀ. ಆಸುಪಾಸು. ನದಿಯಲ್ಲಿ ಹರಿಯುವುದು ಬೇರೆಯವರ ಮಳೆ: ಮಹಾಬಳೇಶ್ವರದ್ದು, ಮಲೆನಾಡಿನದ್ದು.

ಪ್ರವಾಹದ ಪ್ರಶ್ನೆಗೆ ಉತ್ತರ ಬರೆಯುವಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ದಂಡೆಯ ಹಳ್ಳಿಗಳಿಗೆ ನುಗ್ಗಿದ್ದು ಮೇಲಿನ ಪಾತ್ರದ ಮಳೆಯ ನೀರು, ಜಲಾಶಯಗಳ ಗೇಟು ದಾಟಿ ಬಂದದ್ದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆ ಬೇರೆ ಜಾತಿಯದು. ಆಗ ಬಯಲುಸೀಮೆಯ ಮೇಲೆಯೇ ಮಳೆ ಸುರಿದಿತ್ತು, ಹಳ್ಳಕೊಳ್ಳ ತುಂಬಿದವು, ಮಣ್ಣಿನ ಮನೆಗಳು ಕುಸಿದವು. ಮೊದಲನೆಯ ಬಗೆಯ ನೆರೆ ಬಂದ ವಾರವೇ ದಂಡೆಯಿಂದ ದೂರದ ಹೊಲ ಮಳೆಯಿಲ್ಲದೆ ಒಣಗಿರಬಹುದು. ಒಂದೇ ತಾಲ್ಲೂಕಿನಲ್ಲಿ ನೆರೆ ಪರಿಹಾರ, ಬರ ಪರಿಹಾರ ಎರಡನ್ನೂ ಕೇಳುವುದರಲ್ಲಿ ವಿರೋಧಾಭಾಸ ಏನೂ ಇಲ್ಲ.

ಮಳೆಯ ಹಂಚಿಕೆಯಲ್ಲಿ ಸೆಪ್ಟೆಂಬರ್‌ನ ಪಾಲು ದೊಡ್ಡದು. ಉತ್ತರಿ, ಹಸ್ತಿ ಮಳೆ ಎಂದು ರೈತರು ಕಾಯುವುದು ಇದನ್ನೇ. ಎರೆ ನೆಲ ಆ ನೀರನ್ನು ಹಿಡಿದಿಟ್ಟುಕೊಂಡರೆ ಹಿಂಗಾರಿನ ಬಿಳಿಜೋಳ, ಕಡಲೆ ಇಬ್ಬನಿ, ತೇವದಲ್ಲೇ ಎದ್ದು ನಿಲ್ಲುತ್ತವೆ.

ಬಿಸಿಲಿಗೆ ಕಾರಣವನ್ನು ಲೆಕ್ಕದಿಂದಲೇ ತೋರಿಸಬಹುದು. ರಾಯಚೂರು ಇರುವುದು ಸುಮಾರು 16.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ನೆತ್ತಿಯ ಮೇಲೆ ನೇರ ಬರುವುದು ವರ್ಷಕ್ಕೆ ಎರಡು ಸಲ: ಮೇ 5ರ ಸುಮಾರಿಗೆ, ಮತ್ತೆ ಆಗಸ್ಟ್ 8ರ ಸುಮಾರಿಗೆ. ಕೋನ ಎರಡು ಸಲವೂ ಒಂದೇ, ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ಮಾಮೂಲಿ, ಆಗಸ್ಟ್‌ನಲ್ಲಿ ಅದು ಅಪರೂಪ. ಆಗಸ್ಟ್‌ನಲ್ಲಿ ಮೋಡ ಬಿಸಿಲನ್ನು ತಡೆಯುತ್ತದೆ, ಉಳಿದ ಶಾಖದ ಒಂದು ಪಾಲು ಮಣ್ಣಿನ ತೇವ ಆರಿಸುವುದಕ್ಕೇ ಖರ್ಚಾಗುತ್ತದೆ. ಮೇ ತಿಂಗಳ ನೆಲದಲ್ಲಿ ಆರಲು ತೇವವೇ ಇಲ್ಲ, ಬಂದ ಶಾಖವೆಲ್ಲ ನೆಲ, ಗಾಳಿ ಕಾಯಿಸುತ್ತದೆ. ಡಿಸೆಂಬರ್ ರಾತ್ರಿ 17–18 ಡಿಗ್ರಿಗೆ ಇಳಿಯುವುದೂ ಇದೇ ಒಣಗಾಳಿಯಿಂದ. ವಾರ್ಷಿಕ ಸರಾಸರಿ ಉಷ್ಣಾಂಶ ಈ ಏರಿಳಿತವನ್ನೆಲ್ಲ ಮುಚ್ಚಿಹಾಕುತ್ತದೆ. ತಿಂಗಳವಾರು ಗರಿಷ್ಠ, ಕನಿಷ್ಠ ಎರಡನ್ನೂ ಬರೆಯಿರಿ.

ಈ ಹಗಲು-ರಾತ್ರಿ ಅಂತರಕ್ಕೆ ಹಳೆಯ ಮನೆಗಳು ಕೊಟ್ಟ ಉತ್ತರ ಮಾಳಿಗೆ, ಅಂದರೆ ಮಣ್ಣು ಹೊದಿಸಿದ ಸಮತಟ್ಟು ಛಾವಣಿ. ತೊಲೆ, ಅದರ ಮೇಲೆ ಜಂತಿ, ಮೇಲೆ ಚಕ್ಕೆ ಅಥವಾ ಕಡ್ಡಿಯ ಹಾಸು, ಸೊಪ್ಪು, ಅದರ ಮೇಲೆ ಒಂದಡಿಯಷ್ಟು ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಪದರ. ಸವಳು ಯಾಕೆ? ಸೋಡಿಯಂ ಹೆಚ್ಚಿರುವ ಮಣ್ಣು ನೀರು ತಾಗಿದ ಕೂಡಲೇ ಚದುರಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಬೆಳೆ ಕೆಡಿಸುವ ಗುಣವೇ ಮಾಳಿಗೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದಡಿ ಮಣ್ಣು ದಾಟಲು ಮಧ್ಯಾಹ್ನದ ಶಾಖಕ್ಕೆ ಹಲವು ಗಂಟೆ ಬೇಕು. ಅಷ್ಟರಲ್ಲಿ ಹೊರಗೆ ಕತ್ತಲಾಗಿ ತಂಪಾಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಸ ಪದರ ಹಾಕದಿದ್ದರೆ ಸೋರಿಕೆ ಶುರು. ದಿನಗಟ್ಟಲೆ ಜಿಟಿಜಿಟಿ ಮಳೆ ಹಿಡಿದರೆ ಮಣ್ಣು ನೆನೆದು ಭಾರ ಹೆಚ್ಚಿ ತೊಲೆ ಮುರಿಯುತ್ತದೆ.

ನಾಲ್ಕೈದು ಇಂಚಿನ ಕಾಂಕ್ರೀಟ್ ಸ್ಲ್ಯಾಬು ಸೋರುವುದಿಲ್ಲ, ಆದರೆ ಸಂಜೆಯೊಳಗೆ ಪೂರ್ತಿ ಕಾಯ್ದು ಮಲಗುವ ಹೊತ್ತಿಗೆ ಕೆಳಗಿನವರ ಮೇಲೆ ಶಾಖ ಸುರಿಯುತ್ತದೆ. ತಗಡಿನದು ಇನ್ನೊಂದು ಕಥೆ: ಮಧ್ಯಾಹ್ನ ಒಲೆ, ರಾತ್ರಿ ಬೇಗ ತಂಪು. ಸ್ಲ್ಯಾಬಿಗೆ ಬೇಸಿಗೆ ಮುನ್ನ ಬಿಳಿ ಸುಣ್ಣ ಬಳಿಯುವುದು ಅಗ್ಗದ ಉಪಾಯ. ಧೂಳು ಕೂತಷ್ಟೂ ಅದರ ಫಲ ಇಳಿಯುತ್ತದೆ.

ಜನಗಣತಿಯ ವಸತಿ ಕೋಷ್ಟಕ ಓದುವಾಗ ಇದು ನೆನಪಿರಲಿ. 2011ರ ಪಟ್ಟಿಯಲ್ಲಿ ಹುಲ್ಲು, ಬಿದಿರು, ಕಟ್ಟಿಗೆ, ಮಣ್ಣಿನ ಛಾವಣಿಗಳೆಲ್ಲ ಒಂದೇ ಕಂಬಳಿಯಡಿ ಇವೆ. ಜಂತಿಯ ಮಾಳಿಗೆ, ಗುಡಿಸಲು ಎರಡೂ ಒಂದೇ ಸಂಖ್ಯೆಯಾಗುತ್ತವೆ. ಆ ಸಂಖ್ಯೆ ಇಳಿದದ್ದನ್ನು 'ವಸತಿ ಸುಧಾರಣೆ' ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ. ಅದೇ ಕೋಷ್ಟಕದಲ್ಲಿ 'ಮನೆ' ಎಂದರೆ ಪ್ರತ್ಯೇಕ ಮುಖ್ಯ ಬಾಗಿಲಿರುವ ಘಟಕ, 'ಕುಟುಂಬ' ಎಂದರೆ ಒಂದೇ ಒಲೆಯ ಊಟ ಮಾಡುವವರು. ಎರಡನ್ನೂ ಒಂದೇ ಎಂದು ಹಿಡಿದು ಭಾಗಾಕಾರ ಮಾಡಬೇಡಿ.

ಕೋಟೆಯ ಸುತ್ತಲ ಹಳೆ ಊರು ಕಗ್ಗಲ್ಲಿನ ಮೇಲಿದೆ, ಪಾಯದ ಚಿಂತೆ ಕಡಿಮೆ. ಎರೆ ನೆಲದ ಮೇಲೆ ಎದ್ದ ಬಡಾವಣೆಗಳಲ್ಲಿ ಚಿಂತೆ ಶುರುವಾಗುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಓಡುವ ಬಿರುಕು, ಮಳೆಗಾಲದಲ್ಲಿ ಹಿಡಿದುಕೊಳ್ಳುವ ಬಾಗಿಲು ಇದರ ಲಕ್ಷಣ. ಗಿಲಾವು ಮಾಡಿ ಮುಚ್ಚಿದರೆ ಮರುವರ್ಷ ಅಲ್ಲೇ ಬಿಡುತ್ತದೆ. ಎರೆ ತೆಗೆದು ಗರಸು ತುಂಬಿ ಕುಟ್ಟಬೇಕು, ಗೋಡೆಗಳನ್ನು ಪ್ಲಿಂತ್ ಬೀಮಿನಿಂದ, ಅಂದರೆ ಪಾಯದ ಮೇಲೆ ಸುತ್ತಲೂ ಹಾಯುವ ಕಾಂಕ್ರೀಟ್ ಪಟ್ಟಿಯಿಂದ, ಬಿಗಿಯಬೇಕು. ಎರೆ ಆಳವಾಗಿದ್ದರೆ ಸುಮಾರು ಮೂರೂವರೆ ಮೀಟರ್ ಆಳಕ್ಕೆ, ತುದಿಯಲ್ಲಿ ಗುಂಡಾಗಿ ಅಗಲಿಸಿದ ಕಂಬಗಳ ಪಾಯ ಬೇಕಾಗುತ್ತದೆ. ಆ ಗುಂಡಿನ ಅಗಲ ಕಂಬದ ಎರಡೂವರೆ ಪಟ್ಟು. ಬಚ್ಚಲ ನೀರು ಗೋಡೆಯ ಬುಡಕ್ಕೆ ಇಳಿಯುತ್ತಿದ್ದರೆ ಒಂದು ಮೂಲೆ ಮಾತ್ರ ಉಬ್ಬುತ್ತದೆ, ಪಾಯ ಎಷ್ಟೇ ಗಟ್ಟಿಯಾಗಿದ್ದರೂ ಕಾಟ ತಪ್ಪದು.

ಕೂಲರ್ ಬಗ್ಗೆಯೂ ಪ್ರಶ್ನೆ ಬರುತ್ತದೆ. ನೀರು ಆರುವಾಗ ಗಾಳಿಯ ಶಾಖ ಹೀರುವುದೇ ಅದರ ಕೆಲಸ, ಹಾಗಾಗಿ ಏಪ್ರಿಲ್, ಮೇ ಒಣಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಎದುರಿನ ಕಿಟಕಿ ಮುಚ್ಚಿದರೆ ತೇವ ಒಳಗೇ ತುಂಬಿ ಸೆಕೆ ಹೆಚ್ಚುತ್ತದೆ. ಜುಲೈನಲ್ಲಿ ಗಾಳಿಯೇ ತೇವವಾಗಿರುವುದರಿಂದ ಅದು ಬರೀ ಸದ್ದು ಮಾಡುವ ಫ್ಯಾನು. ಬೋರಿನ ಗಡಸು ನೀರು ಹಾಕುವವರು ಹುಲ್ಲಿನ ಪ್ಯಾಡಿನ ಮೇಲೆ ಕಟ್ಟುವ ಬಿಳಿ ಉಪ್ಪನ್ನು ಆಗಾಗ ತೊಳೆಯಬೇಕು, ಇಲ್ಲವಾದರೆ ಗಾಳಿ ದಾಟುವ ಸಂದೇ ಮುಚ್ಚಿಹೋಗುತ್ತದೆ.