ಟ್ರೆವರ್ ನೋವಾ: ಕೊನೇ ಸಾಲಿಗೂ ಕೇಳಿಸಬೇಕಾದ ನಗು

ಯಾರಾದರೂ ಕಷ್ಟ ಹೇಳಿಕೊಂಡಾಗ ನಾವು ಲೊಚಗುಟ್ಟುತ್ತೇವೆ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಒತ್ತಿ ಚಕ್ಕನೆ ಬಿಟ್ಟಾಗ ಬರುವ ಸದ್ದು ಅದು. ನಮಗೆ ಅದು ಬರೀ ಮರುಕ. ದಕ್ಷಿಣ ಆಫ್ರಿಕಾದ ಖೋಸಾ ಭಾಷೆಯಲ್ಲಿ ಮಾತ್ರ ಅದೊಂದು ಪೂರ್ಣ ಪ್ರಮಾಣದ ವ್ಯಂಜನ. ರೋಮನ್ ಲಿಪಿಯಲ್ಲಿ ಅದನ್ನು ‘ಸಿ’ ಎಂದು ಬರೆಯುತ್ತಾರೆ. ಎತ್ತು ಹೊಡೆಯುವಾಗ ದವಡೆಯ ಪಕ್ಕದಿಂದ ತೆಗೆಯುವ ಸದ್ದಿಗೆ ‘ಎಕ್ಸ್’, ಬಾಟಲಿಯ ಬಿರಡೆ ಕಿತ್ತ ಹಾಗೆ ಅಂಗುಳಿನಿಂದ ಬರುವುದಕ್ಕೆ ‘ಕ್ಯೂ’. ಖೋಸಾ ಎಂಬ ಹೆಸರಿನ ಮೊದಲ ಸದ್ದೇ ಎತ್ತು ಹೊಡೆಯುವ ಬಗೆಯದು. ಕನ್ನಡದಲ್ಲಿ ‘ಖ’ ಎಂದು ಬರೆದು ನಾವು ಕೈತೊಳೆದುಕೊಳ್ಳುತ್ತೇವೆ.

ಹಾಸ್ಯನಟ ಟ್ರೆವರ್ ನೋವಾ ಅವರ ತಾಯಿಯ ಭಾಷೆ ಇದು. ರಂಗದ ಧ್ವನಿ ಕೆಲಸ ಮಾಡುವವರು ನೋವಾ ಅವರನ್ನು ಸ್ವಲ್ಪ ಬೇರೆ ಕಿವಿಯಿಂದ ಕೇಳುತ್ತಾರೆ. ವೇಷವಿಲ್ಲ, ಪರಿಕರವಿಲ್ಲ, ಬಿದ್ದು ಎದ್ದು ನಗಿಸುವುದಂತೂ ಇಲ್ಲವೇ ಇಲ್ಲ. ಹಾಸ್ಯದ ಮುಕ್ಕಾಲು ಪಾಲು ಇರುವುದು ಉಚ್ಚಾರದಲ್ಲಿ. ಹಾಗಾಗಿ ಧ್ವನಿ ಸ್ವಲ್ಪ ಕೆಟ್ಟರೂ ಇಡೀ ಸಂಜೆ ಕೆಡುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಇದನ್ನು ಕಣ್ಣಾರೆ ಕಂಡಿತು. ಆ ಮಾತಿಗೆ ಆಮೇಲೆ ಬರೋಣ.

ನೋವಾ ಹುಟ್ಟಿದ್ದು 1984ರ ಫೆಬ್ರುವರಿ 20ರಂದು, ಜೊಹಾನ್ಸ್‌ಬರ್ಗ್‌ನಲ್ಲಿ. ತಾಯಿ ಪೆಟ್ರೀಷಿಯಾ ಖೋಸಾ ಮೂಲದ ಕಪ್ಪು ಮಹಿಳೆ, ತಂದೆ ಸ್ವಿಟ್ಜರ್ಲೆಂಡ್ ಮೂಲದ ಬಿಳಿಯರು. ವರ್ಣಭೇದದ ಸರ್ಕಾರದಲ್ಲಿ ಇಂಥ ಇಬ್ಬರು ಕೂಡುವುದೇ ಅಪರಾಧ. ಆ ನಿಷೇಧ ರದ್ದಾದದ್ದು 1985ರಲ್ಲಿ, ಅಷ್ಟರಲ್ಲಿ ಮಗು ಹುಟ್ಟಿಯಾಗಿತ್ತು. 2016ರಲ್ಲಿ ಬಂದ ಅವರ ಆತ್ಮಕಥನಕ್ಕೆ ‘ಬಾರ್ನ್ ಎ ಕ್ರೈಮ್’ ಎಂಬ ಹೆಸರು ಬಂದದ್ದು ಅಲ್ಲಿಂದ. ಜೊಹಾನ್ಸ್‌ಬರ್ಗ್‌ ಅಂಚಿನ ಕಪ್ಪು ಜನರ ಬಡಾವಣೆ ಸೊವೆಟೊದ ಅಜ್ಜಿ ಮನೆಯಲ್ಲಿ ಬೇರೆ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರೆ ಈ ಹುಡುಗನಿಗೆ ಗೇಟಿನೊಳಗೇ ಆಟ. ಬಣ್ಣ ಕಂಡರೆ ಪೊಲೀಸರು ಎತ್ತಿಕೊಂಡು ಹೋದಾರೆಂಬ ಭಯ.

ತಾಯಿ ಅವರಿಗೆ ಮೊದಲು ಕಲಿಸಿದ್ದು ಇಂಗ್ಲಿಷ್. ಜೊತೆಗೆ ಖೋಸಾ, ಜುಲು, ಸೋಥೊ, ತ್ಸ್ವಾನ, ತ್ಸೋಂಗ, ಆಫ್ರಿಕಾನ್ಸ್ ಒಂದೊಂದಾಗಿ ಬಂದವು. 1996ರ ಸಂವಿಧಾನವೇ ಹನ್ನೊಂದು ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟ ದೇಶ ಅದು. ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಬೀದಿಯಲ್ಲಿ ಹಿಂದೆ ಬರುತ್ತಿದ್ದ ಜುಲು ಹುಡುಗರು, ಇವನಿಗೆ ಅರ್ಥವಾಗದೆಂದುಕೊಂಡು, ಇವನನ್ನೇ ದೋಚುವ ಮಾತಾಡುತ್ತಿರುತ್ತಾರೆ. ನೋವಾ ತಟ್ಟನೆ ತಿರುಗಿ ಜುಲುವಿನಲ್ಲೇ, ಎಲ್ಲರೂ ಸೇರಿ ಬೇರೆ ಯಾರನ್ನಾದರೂ ದೋಚೋಣವೇ ಎಂದು ಕೇಳುತ್ತಾರೆ. ಹುಡುಗರು ಕ್ಷಮೆ ಕೇಳಿ ಹೋಗುತ್ತಾರೆ. ಮೈಬಣ್ಣ ಬೇರೆಯವನೆಂದು ಸಾರುತ್ತಿದ್ದರೂ ಮಾತು ನಮ್ಮವನೆಂದಿತು. ಉಚ್ಚಾರವನ್ನು ಗುರುತಿನ ಚೀಟಿಯಂತೆ ಬಳಸುವುದನ್ನು ಅವರು ವೇದಿಕೆ ಹತ್ತುವ ಮೊದಲೇ ಕಲಿತಿದ್ದರು.

ಅನುಕರಣೆ ಮಾಡುವವರು ಸಾಮಾನ್ಯವಾಗಿ ಎಡವುವುದೂ ಇಲ್ಲಿಯೇ. ಒಂದು ಊರಿನ ಮಾತನ್ನು ಹಿಡಿಯಲು ನಾಲ್ಕು ಪದರ ಬೇಕು: ನಾಲಿಗೆ ನಿಲ್ಲುವ ಜಾಗ, ಸ್ವರ ಎಳೆಯುವ ಉದ್ದ, ವಾಕ್ಯದ ಏರಿಳಿತ, ಒಟ್ಟು ಗತಿ. ಧಾರವಾಡದ ಮಾತು ಅನುಕರಿಸುತ್ತೇನೆಂದು ಹೊರಟವರು ಪ್ರತಿ ಮಾತಿಗೂ ‘ರೀ’ ಅಂಟಿಸುತ್ತಾರೆ, ಏರಿಳಿತ ಮಾತ್ರ ಬೆಂಗಳೂರಿನದೇ ಉಳಿದಿರುತ್ತದೆ. ಧಾರವಾಡದವರು ನಗುವುದಿಲ್ಲ. ನೋವಾ ಹಿಡಿಯುವುದು ಮೊದಲು ಉದ್ದ ಮತ್ತು ಗತಿಯನ್ನು. ಖೋಸಾ, ಜುಲುವಿನಂಥ ಭಾಷೆಗಳಲ್ಲಿ ಕೊನೆಯಿಂದ ಎರಡನೆಯ ಅಕ್ಷರ ಎಳೆಯುತ್ತದೆ. ಆ ಭಾಷೆಯವರು ಇಂಗ್ಲಿಷ್ ಮಾತಾಡಿದಾಗಲೂ ಆ ಎಳೆತ ಹಿಂದೆಯೇ ಬರುತ್ತದೆ, ಅಕ್ಷರಗಳು ಒಂದೊಂದೂ ಸಮನಾಗಿ ತೂಗುತ್ತವೆ. ನೆಲ್ಸನ್ ಮಂಡೇಲಾ ಅವರ ದನಿಯನ್ನು ನೋವಾ ತೆಗೆದಾಗ ನಾವು ಗುರುತಿಸುವುದು ಗಂಟಲಿನ ಗೊಗ್ಗರನ್ನಲ್ಲ, ಈ ತೂಗುವ ನಡೆಯನ್ನು.

ಎಲ್ಲ ಊರೂ ಅವರಿಗೆ ಒಂದೇ ಹದದಲ್ಲಿ ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. 2017ರ ಒಂದು ವಿಶೇಷ ಪ್ರದರ್ಶನದಲ್ಲಿ ಬ್ರಿಟಿಷರವನೊಬ್ಬ ಭಾರತಕ್ಕೆ ಬಂದಿಳಿದು, ಇನ್ನು ನಾವೇ ಆಳುತ್ತೇವೆಂದು ಇಲ್ಲಿನವನಿಗೆ ವಿವರಿಸುವ ಪ್ರಸಂಗವಿದೆ. ತರ್ಕ ಚೂಪಾಗಿದೆ. ಆದರೆ ಆ ಭಾರತೀಯನ ಉಚ್ಚಾರಕ್ಕೆ ಊರಿಲ್ಲ. ಅದು ವಿದೇಶಿ ಟೀವಿಯಲ್ಲಿ ಕೇಳಿಬರುವ ಸಾಮಾನ್ಯ ‘ಇಂಡಿಯನ್’ ದನಿ. ಸೊವೆಟೊದ ಮುದುಕಿಯ ದನಿ ತೆಗೆದಾಗ ವಯಸ್ಸು, ಬೀದಿ, ಚರ್ಚು ಎಲ್ಲವೂ ಅದರಲ್ಲಿರುತ್ತದೆ.

ವೃತ್ತಿಯ ಮಜಲುಗಳನ್ನು ಬೇಗ ದಾಟೋಣ. 2002ರಲ್ಲಿ, ಹದಿನೆಂಟರ ವಯಸ್ಸಿಗೆ, ‘ಇಸಿಡಿಂಗೊ’ ಧಾರಾವಾಹಿಯಲ್ಲಿ ಸಣ್ಣ ಪಾತ್ರ. ಆಮೇಲೆ ಯುವಜನರ ರೇಡಿಯೊದಲ್ಲಿ ಕಾರ್ಯಕ್ರಮ. 2009ರಲ್ಲಿ ಒಬ್ಬರೇ ನಡೆಸಿಕೊಟ್ಟ ‘ದಿ ಡೇವಾಕರ್’, 2010ರಲ್ಲಿ ಅಲ್ಲಿನ ಎಂ-ನೆಟ್ ವಾಹಿನಿಯಲ್ಲಿ ಸ್ವಂತ ಷೋ. 2012ರ ಜನವರಿಯಲ್ಲಿ ಅಮೆರಿಕದ ‘ಟುನೈಟ್ ಷೋ’ ಏರಿದ ಮೊದಲ ದಕ್ಷಿಣ ಆಫ್ರಿಕನ್ ಹಾಸ್ಯಗಾರನಾದರು. 2015ರ ಸೆಪ್ಟೆಂಬರ್ 28ರಂದು ಜಾನ್ ಸ್ಟೀವರ್ಟ್ ಅವರಿಂದ ಅಮೆರಿಕದ ಸುದ್ದಿ-ವಿಡಂಬನೆಯ ಟೀವಿ ಕಾರ್ಯಕ್ರಮ ‘ದಿ ಡೈಲಿ ಷೋ’ದ ನಿರೂಪಕನ ಕುರ್ಚಿ ಪಡೆದು, 2022ರ ಡಿಸೆಂಬರ್ 8ರವರೆಗೆ ಕೂತರು. ನಟನಾಗಿ ಪಾತ್ರಗಳು ಚಿಕ್ಕವೇ. ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾದಲ್ಲಿ ಅವರು ತೆರೆಯ ಮೇಲೆ ಕಾಣುವುದೂ ಇಲ್ಲ. ಅದರ ರಾಜಕುಮಾರಿ ಶುರಿಯ ಯಂತ್ರಸಹಾಯಕ ‘ಗ್ರಿಯೊ’ಗೆ ದನಿ ಮಾತ್ರ ಕೊಟ್ಟಿದ್ದಾರೆ. ಪಶ್ಚಿಮ ಆಫ್ರಿಕಾದಲ್ಲಿ ವಂಶದ ಕಥೆಗಳನ್ನು ಬಾಯಲ್ಲಿ ಕಾಪಾಡಿಕೊಂಡು ಬಂದ ಹಾಡುಗಾರರಿಗೆ ಗ್ರಿಯೊ ಎನ್ನುತ್ತಾರೆ. ಪಾತ್ರ ಹಂಚಿದವರು ಯೋಚಿಸಿಯೇ ಹಂಚಿರಬೇಕು.

ಡೈಲಿ ಷೋದ ಏಳು ವರ್ಷಗಳಲ್ಲಿ ಹಾಸ್ಯ ಕಲಿಯುವವರು ಗಮನಿಸಬೇಕಾದ ಭಾಗ 2020ರ ಮಾರ್ಚ್ ನಂತರದ್ದು. ಕೋವಿಡ್‌ನಿಂದ ಸ್ಟುಡಿಯೊ ಮುಚ್ಚಿತು, ನೋವಾ ನ್ಯೂಯಾರ್ಕಿನ ಮನೆಯಿಂದಲೇ ಷೋ ನಡೆಸಿದರು. ಎದುರಿಗೆ ಪ್ರೇಕ್ಷಕರಿಲ್ಲ. ವೇದಿಕೆಯಲ್ಲಿ ಒಂದು ಒಳ್ಳೆಯ ನಗು ಎರಡರಿಂದ ನಾಲ್ಕು ಸೆಕೆಂಡು ಇರುತ್ತದೆ. ನಗು ಏರಿ, ಅರ್ಧಕ್ಕಿಂತ ಕೆಳಗಿಳಿದಾಗ ಮುಂದಿನ ಮಾತು ಎತ್ತಬೇಕು. ಪೂರ್ತಿ ಅಡಗಲು ಬಿಟ್ಟರೆ ಸಭೆ ತಣ್ಣಗಾಗುತ್ತದೆ, ಬೇಗ ಎತ್ತಿದರೆ ಮೊದಲ ಎರಡು ಪದ ನಗುವಿನಡಿ ಹೂತುಹೋಗುತ್ತವೆ. ಮನೆಯಲ್ಲಿ ಈ ಅಳತೆಯೇ ಇರಲಿಲ್ಲ. ನಗು ಇರಬೇಕಾದ ಜಾಗವನ್ನು ಸಂಕಲನದ ಕತ್ತರಿ ಮುಚ್ಚಿತು, ಮಾತು ಬಿಗಿಯಾಯಿತು, ಧ್ವನಿ ತಗ್ಗಿತು. 2021ರ ಸೆಪ್ಟೆಂಬರ್‌ನಲ್ಲಿ ಸ್ಟುಡಿಯೊಗೆ ಮರಳುವ ಮೊದಲಿನ ಕಂತು ಒಂದನ್ನೂ ನಂತರದ ಕಂತು ಒಂದನ್ನೂ ಒಟ್ಟಿಗೆ ಇಟ್ಟು ಕೇಳಿದರೆ ಲಯದ ವ್ಯತ್ಯಾಸ ತಾನಾಗಿ ಕಿವಿಗೆ ಬೀಳುತ್ತದೆ.

ಈಗ ಬೆಂಗಳೂರು. 2023ರ ಸೆಪ್ಟೆಂಬರ್ 27 ಮತ್ತು 28ಕ್ಕೆ ಎರಡು ಪ್ರದರ್ಶನ ನಿಗದಿಯಾಗಿದ್ದವು. ಜನ ಹೊರವರ್ತುಲ ರಸ್ತೆಯ ಟ್ರಾಫಿಕ್ ದಾಟಿ ಬಂದಿದ್ದರು. ವೇದಿಕೆಯ ಮೇಲಿನವರ ಮಾತು ಪ್ರೇಕ್ಷಕರಿಗೆ ಕೇಳಿಸಲಿಲ್ಲ. ಕೇಳಿಸದಿದ್ದರೆ ಷೋ ಮಾಡುವ ದಾರಿಯೇ ಇಲ್ಲ ಎಂದು ನೋವಾ ಬರೆದು, ಕ್ಷಮೆ ಕೇಳಿ, ಎರಡನ್ನೂ ರದ್ದು ಮಾಡಿ, ಟಿಕೆಟ್ ಹಣ ವಾಪಸ್ ಎಂದರು. ಸ್ಪೀಕರ್ ಜೋರು ಮಾಡಿದ್ದರೆ ಆಗುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಮಾತಿನ ಕಾರ್ಯಕ್ರಮದಲ್ಲಿ ಅದರಿಂದ ಕೆಲಸ ಕೆಡುವುದೇ ಹೆಚ್ಚು.

ದನಿಯ ಬಲ ಇರುವುದು ಸ್ವರಗಳಲ್ಲಿ, ಸುಮಾರು 250ರಿಂದ 500 ಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸು. ಅರ್ಥ ಇರುವುದು ವ್ಯಂಜನಗಳಲ್ಲಿ, ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್. ‘ಸ’, ‘ಶ’ ಅದಕ್ಕೂ ಮೇಲೆ. ಸಮಾರಂಭಗಳಿಗೆಂದು ಕಟ್ಟಿದ ದೊಡ್ಡ ಹಾಲ್‌ಗಳಲ್ಲಿ ತಗಡು, ಗಾಜು, ಗ್ರಾನೈಟ್ ನೆಲ. ಸದ್ದು ನಿಂತ ಮೇಲೂ ಎರಡು ಮೂರು ಸೆಕೆಂಡು ಒಳಗೇ ಉರುಳಾಡುತ್ತದೆ. ಮಾತಿಗೆ ಒಂದು ಸೆಕೆಂಡಿನ ಆಸುಪಾಸು ಇದ್ದರೆ ಚೆನ್ನ. ಉರುಳಾಡುವುದು ಸ್ವರ, ಅದು ಮುಂದಿನ ವ್ಯಂಜನವನ್ನು ನುಂಗುತ್ತದೆ. ಜೋರು ಮಾಡಿದರೆ ಆ ಉರುಳಾಟವೂ ಅಷ್ಟೇ ಜೋರಾಗುತ್ತದೆ. ಅದೇ ಹಾಲ್‌ನಲ್ಲಿ ಸಂಗೀತ ಕಾರ್ಯಕ್ರಮ ದಾಟಿಹೋಗುವುದು ಏಕೆಂದರೆ ಹಾಡಿನ ಸಾಲು ಜನರಿಗೆ ಮೊದಲೇ ಬಾಯಿಪಾಠ. ಹಾಸ್ಯದ ಕೊನೆಯ ಪದ ಎಲ್ಲರಿಗೂ ಹೊಸದು, ಒಂದೇ ಸಲ ಬರುತ್ತದೆ.

ಒಂದು ಪದವನ್ನೇ ನೋಡಿ. 2018ರ ‘ಸನ್ ಆಫ್ ಪೆಟ್ರೀಷಿಯಾ’ದಲ್ಲಿ ನೋವಾ ಮೊದಲ ಬಾರಿ ಮೆಕ್ಸಿಕೊದ ತಿಂಡಿ ಟಾಕೊ ತಿನ್ನಲು ಹೋದಾಗ, ಅಂಗಡಿಯವನು ‘ನ್ಯಾಪ್ಕಿನ್’ ಬೇಕೇ ಎನ್ನುತ್ತಾನೆ. ಅಮೆರಿಕದಲ್ಲಿ ಅದು ಬಾಯಿ ಒರೆಸುವ ಕಾಗದ, ದಕ್ಷಿಣ ಆಫ್ರಿಕಾದಲ್ಲಿ ಮಗುವಿಗೆ ಕಟ್ಟುವ ಲಂಗೋಟಿ. ಇಡೀ ಪ್ರಸಂಗ ನಿಂತಿರುವುದು ಈ ಒಂದು ಪದದ ಮೇಲೆ. ಅದರ ನಡುವಿನ ‘ಪ್‌ಕ’ ಬಾಳುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಅದು ಮಸುಕಾದರೆ ಹಿಂದಿನ ಸಾಲಿಗೆ ತಲುಪುವುದು ‘ನ್ಯಾ…ಇನ್’. ಮುಂದಿನವರು ನಗುತ್ತಿರುತ್ತಾರೆ, ಹಿಂದಿನವರು ಪಕ್ಕದವರನ್ನು ಏನಂದ ಎಂದು ಕೇಳುತ್ತಿರುತ್ತಾರೆ. ಆ ಗುಜುಗುಜು ಮುಂದಿನ ಮಾತನ್ನೂ ತಿನ್ನುತ್ತದೆ.

ಹಾಗಾಗಿ ಹಾಸ್ಯದ ಸೌಂಡ್ ಶುರುವಾಗುವುದು ಕಡಿಮೆ ಮಾಡುವುದರಿಂದ. ಗುಡುಗಿನಂಥ ಕೆಳದನಿಗೆಂದೇ ಇರುವ ಸಬ್‌ವೂಫರ್ ಸ್ಪೀಕರ್‌ಗೆ ಮೈಕಿನ ಸದ್ದು ಹೋಗಲೇಬಾರದು. ಮಿಕ್ಸರ್‌ನಲ್ಲಿ 100–120 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, 250–400ರ ನಡುವೆ ಎರಡು ಮೂರು ಡೆಸಿಬಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಇಳಿಸಿದರೆ ಗುಂಯ್‌ಗುಡುವುದು ನಿಲ್ಲುತ್ತದೆ. ಪಿಸುಮಾತಿನಿಂದ ಕೂಗಿಗೆ ಹಾರುವ ನೋವಾ ಅಂಥವರಿಗೆ ಮಿತಿ ಮೀರಿದ ಸದ್ದನ್ನು ಅದುಮುವ ಕಂಪ್ರೆಸರ್ 3:1ರ ಆಸುಪಾಸು, ಅಂದರೆ ಮಿತಿ ಮೀರಿದ ಮೂರು ಡೆಸಿಬಲ್ ಒಂದಾಗುವಷ್ಟು, ಸಾಕು. ಬಿಗಿ ಮಾಡಿದಷ್ಟೂ ಮೌನದ ಹೊತ್ತಿನಲ್ಲಿ ಹಾಲ್‌ನ ಗದ್ದಲ ಮೇಲೇಳುತ್ತದೆ, ಮೈಕು ಕುಂಯ್ ಎನ್ನಲು ತಯಾರಾಗುತ್ತದೆ.

ಕೈಮೈಕು ತುಟಿಯಿಂದ ಎರಡು ಮೂರು ಬೆರಳ ದೂರದಲ್ಲಿರಲಿ. 3 ಸೆಂಟಿಮೀಟರ್ ಇದ್ದದ್ದು 12 ಆದರೆ ದನಿ ಸುಮಾರು 12 ಡೆಸಿಬಲ್ ಬೀಳುತ್ತದೆ, ಮಿಕ್ಸರ್‌ನಲ್ಲಿ ಸದ್ದು ಏರಿಳಿಸುವ ಫೇಡರ್ ಏರಿಸಿ ತುಂಬಿಕೊಳ್ಳಲು ಹೋದರೆ ಮೈಕು ಕಿರುಚುತ್ತದೆ. ಇಬ್ಬರ ಸಂಭಾಷಣೆಯನ್ನು ಒಬ್ಬರೇ ಆಡುವಾಗ ತಲೆ ಅತ್ತಿತ್ತ ತಿರುಗುತ್ತದೆ. ಹೊಸಬರಲ್ಲಿ ತಲೆ ತಿರುಗುತ್ತದೆ, ಕೈ ನಿಂತಲ್ಲೇ ನಿಲ್ಲುತ್ತದೆ. ಎಡಗಡೆಯ ಪಾತ್ರ ಸ್ಪಷ್ಟ, ಬಲಗಡೆಯದು ಮಸುಕು. ಮೈಕು ಗದ್ದಕ್ಕೆ ಅಂಟಿದ ಹಾಗೆ ತಿರುಗಬೇಕು. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ರ್‍ಯಾಪ್ ಶೈಲಿ ಬೇಡವೇ ಬೇಡ. ಹಿಂಬದಿಯ ರಂಧ್ರಗಳು ಮುಚ್ಚಿದರೆ ಅದು ಸುತ್ತಲಿನ ಸದ್ದನ್ನೆಲ್ಲ ಹಿಡಿಯತೊಡಗುತ್ತದೆ.

ಉದ್ದ ಹಾಲ್‌ನಲ್ಲಿ ವೇದಿಕೆಯ ಸ್ಪೀಕರ್‌ಗಳನ್ನೇ ನಂಬಿ ಕೂರುವಂತಿಲ್ಲ. ಬಯಲಿನ ಲೆಕ್ಕದಲ್ಲಿ ದೂರ ಎರಡರಷ್ಟಾದಂತೆ 6 ಡೆಸಿಬಲ್ ಇಳಿಯುತ್ತದೆ. 10 ಮೀಟರ್‌ನಲ್ಲಿ ಕೂತವರಿಗೂ 40ರಲ್ಲಿ ಕೂತವರಿಗೂ 12 ಡೆಸಿಬಲ್ ಅಂತರ. ನಡುವೆ, 30 ಮೀಟರ್ ಸುಮಾರಿಗೆ, ಇನ್ನೊಂದು ಜೋಡಿ ಸ್ಪೀಕರ್ ನಿಲ್ಲಿಸಿ, ಅದಕ್ಕೆ ಡಿಲೇ ಹಾಕಬೇಕು, ಅಂದರೆ ಅದರ ಸದ್ದು ಕೊಂಚ ತಡವಾಗಿ ಹೊರಡುವಂತೆ ಮಾಡಬೇಕು. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ, 30 ಮೀಟರ್‌ಗೆ 87 ಮಿಲಿಸೆಕೆಂಡು. ಅದಕ್ಕೆ ಇನ್ನೊಂದು 10–15 ಸೇರಿಸಿ 100ರ ಹತ್ತಿರ ಇಟ್ಟರೆ, ದನಿ ವೇದಿಕೆಯಿಂದಲೇ ಬಂದಂತೆ ಕಿವಿ ನಂಬುತ್ತದೆ. ಡಿಲೇ ಹಾಕಲು ಮರೆತರೆ ಹಿಂದಿನವರಿಗೆ ಪ್ರತಿ ಪದವೂ ಎರಡೆರಡು ಸಲ. ಸಂಜೆ ಗಡಿಬಿಡಿಯಲ್ಲಿ ಸ್ಪೀಕರ್ ಜಾಗ ಬದಲಾಯಿಸಿ, ಡಿಲೇ ಮಾತ್ರ ಬೆಳಗಿನ ಲೆಕ್ಕದಲ್ಲೇ ಬಿಡುವುದು ನಮ್ಮಲ್ಲಿ ಮಾಮೂಲಿ ತಪ್ಪು.

ಗದ್ದಲವನ್ನೂ ಅಳೆಯಬೇಕು. ಮಾತು ಸುತ್ತಲಿನ ಸದ್ದಿಗಿಂತ 15 ಡೆಸಿಬಲ್ ಆದರೂ ಮೇಲಿರಬೇಕು. ತಗಡಿನ ಮೇಲೆ ಮಳೆ, ದೊಡ್ಡ ಕೂಲರ್, ಹಿಂಬದಿಯ ತಿಂಡಿ ಕೌಂಟರ್ ಈ ಅಂತರವನ್ನು ತಿನ್ನುತ್ತವೆ. ಕೂಲರ್ ಹಾಕದೆ ಖಾಲಿ ಹಾಲ್‌ನಲ್ಲಿ ಮಧ್ಯಾಹ್ನ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ.

‘ಹಲೋ, ಒನ್ ಟೂ ತ್ರೀ’ಗೂ ಬೆಲೆಯಿಲ್ಲ, ಕಿವಿ ಅದನ್ನು ಕೇಳದೆಯೂ ಊಹಿಸುತ್ತದೆ. ಬಾಗಿಲು ತೆರೆಯುವ ಮೊದಲು ಒಬ್ಬರು ವೇದಿಕೆಯಿಂದ ಊಹೆಗೆ ಸಿಗದ ಪದಗಳನ್ನು, ಮಾಮೂಲಿ ಮಾತಿನ ವೇಗದಲ್ಲಿ, ಕ್ರಮ ತಪ್ಪಿಸಿ ಓದಲಿ: ಕಾಲು, ಸಾಲು, ಪಾಲು, ಶಾಲು, ಹಾಲು, ಕತ್ತಿ, ಕಟ್ಟಿ, ಕಪ್ಪಿ. ಇನ್ನೊಬ್ಬರು ಕೂಲರ್ ಓಡುತ್ತಿರುವಾಗ ಕೊನೇ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂತು ಕೇಳಿದ್ದನ್ನು ಬರೆದುಕೊಳ್ಳಲಿ. ಅವರ ಹಾಳೆಯಲ್ಲಿ ‘ಸಾಲು’ ಇರಬೇಕಾದ ಕಡೆ ‘ಹಾಲು’ ಬಂದಿದ್ದರೆ ಎತ್ತರದ ಆವರ್ತನ ಅಲ್ಲಿಗೆ ಮುಟ್ಟುತ್ತಿಲ್ಲವೆಂದೇ ಲೆಕ್ಕ. ಆ ಮೂಲೆಗೆ ಸದ್ದು ಕಳಿಸುವ ಸ್ಪೀಕರ್‌ನ ಮುಖವನ್ನು ಕೂತವರ ಕಡೆಗೆ ಕೆಳಕ್ಕೆ ವಾಲಿಸಿ, ಮತ್ತೆ ಮೊದಲಿನಿಂದ ಓದಿ.