ಹತ್ತರ ತಲೆ ಮೇಲಿನ ಮೈನಸ್ ಹತ್ತೊಂಬತ್ತು

ಹೋದ ವರ್ಷ ಪರೀಕ್ಷೆ ಸೀಸನ್‌ನಲ್ಲಿ ಮಂಡ್ಯದಿಂದ ಒಬ್ರು ಫಿಸಿಕ್ಸ್ ಮೇಷ್ಟ್ರು ಮೈಸೂರಲ್ಲಿರೋ ನಮ್ಮ ಡಿಟಿಪಿ ಅಂಗಡಿಗೆ ಬಂದ್ರು, ಸರಸ್ವತಿಪುರಂಗೆ, ಹಳೇ ಪಿಡಿಎಫ್ ಒಂದು ಪೆನ್‌ಡ್ರೈವಲ್ಲಿ ಹಾಕ್ಕೊಂಡು. ಇದ್ರಲ್ಲಿರೋ ಪ್ರಶ್ನೆಗಳ್ನ ಹೊಸ ಪೇಪರ್‌ಗೆ ಸೆಟ್ ಮಾಡ್ಕೊಡಪ್ಪ, ಅರ್ಜೆಂಟು ಅಂದ್ರು. ಅಂಗಡೀಲಿ ಜನ ಬೇರೆ ಇದ್ರು, ನಾನು ಕಾಪಿ ಹೊಡ್ದು ವರ್ಡ್‌ಗೆ ಪೇಸ್ಟ್ ಮಾಡಿ, ಫಾಂಟ್ ಸರಿ ಮಾಡಿ, ಪ್ರಿಂಟ್ ಕೊಟ್ಟೇಬಿಟ್ಟೆ. ಮೇಷ್ಟ್ರು ಕನ್ನಡಕ ಏರಿಸ್ಕೊಂಡು ಓದ್ತಾ ಓದ್ತಾ ಮೂರನೇ ಪ್ರಶ್ನೆ ಹತ್ರ ನಿಂತ್ರು.

"ಏನಪ್ಪಾ ಇದು, ಎಲೆಕ್ಟ್ರಾನ್ ಚಾರ್ಜು ಮೈನಸ್ ಮೂರು ಮಾಡಿದ್ಯಲ್ಲ!"

ನೋಡಿದ್ರೆ 1.6×10⁻¹⁹ ಇರ್ಬೇಕಾದ ಕಡೆ 1.6×10-19 ಅಂತ ಬಂದಿದೆ. ಕ್ಯಾಲ್ಕುಲೇಟರ್‌ಗೆ ಹಾಕಿ ನೋಡಿ, ಹದಿನಾರರಲ್ಲಿ ಹತ್ತೊಂಬತ್ತು ಕಳೆದ್ರೆ ಮೈನಸ್ ಮೂರೇ. ತಪ್ಪು ನಂದೇ. ಇಷ್ಟು ವರ್ಷ ಇದೇ ಕೆಲಸ ಮಾಡ್ಕೊಂಡಿದ್ದೂ ಕಣ್ಣಿಗೆ ಬೀಳ್ಲಿಲ್ಲ, ಯಾಕಂದ್ರೆ ಒಂದು ಅಕ್ಷರಾನೂ ಕಳ್ದೋಗಿಲ್ಲ, ಎಲ್ಲಾ ಇದೆ, ಎತ್ತರ ಒಂದು ಬಿಟ್ಟು.

ಪಿಡಿಎಫ್‌ಗೆ ಸಾಮಾನ್ಯವಾಗಿ ಘಾತ, ಭಿನ್ನರಾಶಿ, ವರ್ಗಮೂಲ ಏನೂ ಗೊತ್ತಿರಲ್ಲ. ಈ ಅಕ್ಷರ ಇಲ್ಲಿ ಇಡು, ಆ ಅಕ್ಷರ ಸ್ವಲ್ಪ ಚಿಕ್ಕದಾಗಿ ಅದರ ಮೇಲೆ ಇಡು, ಇಲ್ಲೊಂದು ಗೆರೆ ಎಳಿ, ಅಷ್ಟೇ. ಕಾಪಿ ಮಾಡ್ದಾಗ ಅಕ್ಷರಗಳು ಸಾಲಾಗಿ ಬರ್ತವೆ, ಮೇಲೆ ಕೆಳಗೆ ಅನ್ನೋದು ಅಲ್ಲೇ ಉಳ್ಕೊಳ್ಳುತ್ತೆ, ಭಿನ್ನರಾಶಿ ಗೆರೆ ಅಂತೂ ಬರೋದೇ ಇಲ್ಲ. ಅದಕ್ಕೇ ಪಿಡಿಎಫ್‌ನ ನಾನೀಗ ನೋಡಿ ತಾಳೆ ಹಾಕೋಕೆ ಮಾತ್ರ ಇಟ್ಕೊಳ್ತೀನಿ, ಅದರಿಂದ ಸೂತ್ರ ಎತ್ತಲ್ಲ.

ಸರಿ, ಪಿಡಿಎಫ್ ಬಿಡಿ, ವರ್ಡ್ ಫೈಲೇ ಕೊಟ್ರೆ ಸುಲಭ ಅಂತೀರಾ? ಅದ್ರಲ್ಲೂ ಎರಡು ಕಾಲ ಇದೆ. ಮೊದಲು ಸೂತ್ರ ಬರೆಯೋಕೆ ಈಕ್ವೇಶನ್ ಎಡಿಟರ್ 3.0 ಅಂತ ಒಂದಿತ್ತು, ಮ್ಯಾಥ್‌ಟೈಪ್ ಅನ್ನೋ ಸೂತ್ರದ ಸಾಫ್ಟ್‌ವೇರ್ ಮಾಡಿದ ಡಿಸೈನ್ ಸೈನ್ಸ್ ಕಂಪನಿಯವ್ರದ್ದೇ. 2007ರ ವರ್ಡಲ್ಲಿ ಹೊಸ ಪದ್ಧತಿ ಬಂತು, ಕೇಂಬ್ರಿಯಾ ಮ್ಯಾಥ್ ಫಾಂಟಲ್ಲಿ ಕಾಣುತ್ತಲ್ಲ ಅದು. ಹಳೇದೂ ಜೊತೇಲೇ ಇತ್ತು, ಆದ್ರೆ ಅದ್ರಲ್ಲಿ ದೊಡ್ಡ ಸೆಕ್ಯುರಿಟಿ ತೂತು ಸಿಕ್ಕಿ 2018ರ ಜನವರಿ ಅಪ್‌ಡೇಟಲ್ಲಿ ಪೂರ್ತಿ ಕಿತ್ತಾಕಿದ್ರು. ಹಂಗಾಗಿ ಹಳೇ ನೋಟ್ಸ್ ತೆರೆದ್ರೆ ಸೂತ್ರ ಕಾಣುತ್ತೆ, ಪ್ರಿಂಟೂ ಬರುತ್ತೆ, ತಿದ್ದೋಣ ಅಂತ ಡಬಲ್ ಕ್ಲಿಕ್ ಮಾಡಿದ್ರೆ ಎಡಿಟರ್ ಇಲ್ಲ ಅನ್ನುತ್ತೆ. ಹೊಸ ಸಬ್‌ಸ್ಕ್ರಿಪ್ಷನ್ ವರ್ಡ್ ಇದ್ರೆ ಹೊಸ ರೂಪಕ್ಕೆ ಬದಲಾಯಿಸ್ಲಾ ಅಂತ ಅದೇ ಕೇಳುತ್ತೆ, ಹೂಂ ಅನ್ನಿ, ಆದ್ರೆ ಮೊದ್ಲು ಫೈಲ್‌ನ ಒಂದು ನಕಲು ತೆಗ್ದಿಟ್ಕೊಳ್ಳಿ.

ಇಲ್ಲ ಅಂದ್ರೆ ಲಿಬ್ರೆ ಆಫೀಸ್ ಇದೆ, ಫ್ರೀ. ಅದರ ಆಪ್ಷನ್ಸ್ ಒಳಗೆ ಲೋಡ್/ಸೇವ್, ಅದರೊಳಗೆ ಮೈಕ್ರೋಸಾಫ್ಟ್ ಆಫೀಸ್ ಅಂತ ಇರುತ್ತೆ, ಅಲ್ಲಿ ಮ್ಯಾಥ್‌ಟೈಪ್ ಸಾಲಿನ ಟಿಕ್ ಇದ್ಯಾ ನೋಡ್ಕೊಳ್ಳಿ. ಹಳೇ ಸೂತ್ರಗಳ್ನ ತಿದ್ದೋ ಹಂಗೆ ತೆರ್ಕೊಡುತ್ತೆ. ಆದ್ರೆ ಅದರ ಭಾಷೆ ಬೇರೆ. ಭಿನ್ನರಾಶಿ ಬೇಕಂದ್ರೆ ಎ ಓವರ್ ಬಿ ಅಂತ ಟೈಪ್ ಮಾಡ್ಬೇಕು, ಫೈಲಲ್ಲಿ ಉಳಿಸೋದು ಮ್ಯಾಥ್‌ಎಂಎಲ್ ಅನ್ನೋ ಸೂತ್ರದ ಕೋಡ್ ರೂಪದಲ್ಲಿ. ವರ್ಡ್ ಉಳಿಸೋದು ತನ್ನದೇ ಇನ್ನೊಂದು ರೂಪದಲ್ಲಿ. ಅಂದ್ರೆ ಫೈಲ್ ಈ ಕಡೆಯಿಂದ ಆ ಕಡೆ ಹೋದಾಗಲೆಲ್ಲ ಒಳಗೆ ಒಂದು ತರ್ಜುಮೆ ನಡೆಯುತ್ತೆ. ಗೈಡ್ ಮನೇಲಿ ವರ್ಡು, ವಿದ್ಯಾರ್ಥಿ ಲ್ಯಾಪ್‌ಟಾಪಲ್ಲಿ ಲಿಬ್ರೆ, ಮಧ್ಯ ಗೂಗಲ್ ಡಾಕ್ಸ್, ಹಿಂಗೆ ತಿಂಗಳೆಲ್ಲ ಓಡಾಡಿದ ಥೀಸಿಸ್ ಬಂದ್ರೆ ನಾನು ಸೂತ್ರಕ್ಕಿಷ್ಟು ಅಂತ ರೇಟ್ ಹೇಳ್ಬಿಡ್ತೀನಿ, ಪೇಜ್ ಲೆಕ್ಕ ಅಲ್ಲ. ಯಾವ್ದಾದ್ರೂ ಒಂದರಲ್ಲೇ ಕೊನೆವರೆಗೂ ಕೆಲ್ಸ ಮಾಡಿ, ದಾಟಿಸೋದು ಒಂದೇ ಸಲ ಇರ್ಲಿ.

ಇನ್ನೊಂದು, ವರ್ಡಲ್ಲಿ ಸೇವ್ ಮಾಡುವಾಗ 97-2003ರ ಹಳೇ ಡಾಕ್ (.doc) ರೂಪ ಆರಿಸ್ಬೇಡಿ. ಹೊಸ ಸೂತ್ರ ಎಲ್ಲಾ ಚಿತ್ರ ಆಗ್ಬಿಡ್ತವೆ, ತಿದ್ದೋಕೆ ಬರಲ್ಲ.

ಕನ್ನಡ ಮೀಡಿಯಂನೋರಿಗೆ ಬೇರೆ ಗೋಳೂ ಇದೆ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಆಸ್ಕಿ ಫಾಂಟಲ್ಲಿ ಕಾಣೋದು ಕನ್ನಡ, ಒಳಗಿರೋದು ಇಂಗ್ಲಿಷ್ ಅಕ್ಷರಗಳ ಕೋಡು. ಅದನ್ನ ಕನ್ನಡಕ್ಕೇ ಸ್ವಂತ ಕೋಡ್ ಇರೋ ಯೂನಿಕೋಡ್ ಮಾಡೋಕೆ ಇಡೀ ಪಠ್ಯ ಕನ್ವರ್ಟರ್‌ಗೆ ಸುರಿದ್ರೆ ಸಾಲಿನ ಮಧ್ಯ ಕೈಯಲ್ಲಿ ಟೈಪ್ ಮಾಡಿದ್ದ ಎಕ್ಸ್, ವೈಗಳೂ ಕನ್ನಡದ ಯಾವ್ದೋ ಚೂರಕ್ಷರ ಆಗಿ ಕೂತ್ಕೊಳ್ತವೆ. ಎಡಿಟರಲ್ಲಿ ಮಾಡಿದ ಸೂತ್ರಗಳಂತೂ ಬರೀ ಪಠ್ಯದ ಜೊತೆ ಬರೋದೇ ಇಲ್ಲ, ಆ ಜಾಗ ಖಾಲಿ, ಖಾಲಿ ಇದೆ ಅಂತಾನೂ ಗೊತ್ತಾಗಲ್ಲ. ನಾನು ಮೊದ್ಲೇ ಪ್ರತಿ ಸೂತ್ರದ ಜಾಗದಲ್ಲಿ ಒಂದು ಗುರ್ತು ಹಾಕಿ, ಕನ್ವರ್ಟ್ ಆದ್ಮೇಲೆ ಒಂದೊಂದಾಗಿ ವಾಪಸ್ ಕೂರಿಸ್ತೀನಿ. ಬೇಜಾರಿನ ಕೆಲ್ಸ, ಎಫ್‌ಎಂ ಹಾಕ್ಕೊಂಡು ಮಾಡೋದು. ವೇಗ ಸಮ ದೂರ ಭಾಗಿಸು ಕಾಲ ಅಂತ ಕನ್ನಡದಲ್ಲೇ ಸೂತ್ರ ಬೇಕಂದ್ರೆ, ಕೇಂಬ್ರಿಯಾ ಮ್ಯಾಥಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಆ ಪದಗಳ್ನ ಆರಿಸಿ ನಾರ್ಮಲ್ ಟೆಕ್ಸ್ಟ್ ಮಾಡಿ ಕನ್ನಡ ಫಾಂಟ್ ಕೊಡಿ. ಲಿಬ್ರೆಯಲ್ಲಾದ್ರೆ ಪದವನ್ನ ಉದ್ಧರಣ ಚಿಹ್ನೆ ಒಳಗೆ ಹಾಕಿ.

ಮಂಡ್ಯದ ಮೇಷ್ಟ್ರು ಈಗ್ಲೂ ಬರ್ತಾರೆ. ಪೆನ್‌ಡ್ರೈವ್ ಜೊತೆ ಒಂದು ಪ್ರಿಂಟೂ ತರ್ತಾರೆ, ಘಾತ ಇರೋ ಕಡೆಯೆಲ್ಲ ಕೆಂಪು ಪೆನ್ನಲ್ಲಿ ಸುತ್ತು ಹಾಕಿರ್ತಾರೆ. ಎಲ್ರೂ ಹಂಗೇ ತಂದ್ರೆ ನಂಗೂ ಅರ್ಧ ದಿನ ಉಳಿಯುತ್ತೆ. ಸೋಮವಾರ ಸಬ್‌ಮಿಷನ್ ಇಟ್ಕೊಂಡು ಶನಿವಾರ ಸಂಜೆ ಶಟರ್ ಎಳೆಯೋ ಹೊತ್ತಿಗೆ ಬರೋ ಥೀಸಿಸ್‌ನೋರು ಅಂತೂ ದಯವಿಟ್ಟು ತನ್ನಿ.